ಮರದಲ್ಲಿ, ನದಿಯಲ್ಲಿ, ದೇಹದಲ್ಲಿ ಒಂದೇ ಕವಲು: ಲಿಯೊನಾರ್ಡೊ ಡಾ ವಿಂಚಿಯವರ ಬದುಕು



ಈ ಲೇಖನವನ್ನು ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರೊಬ್ಬರ ಕೈಯನ್ನು, ಅದು ದಾದಾರದ್ದಾಗಿರಲಿ, ನಾನಿಯದ್ದಾಗಿರಲಿ, ನಿಮ್ಮ ಕೈಯಲ್ಲಿ ತೆಗೆದುಕೊಂಡು ಅದರ ಹಿಂಬದಿಯನ್ನು ನೋಡಿ. ತೆಳುವಾದ ಚರ್ಮದ ಕೆಳಗೆ ನೀಲಿಯಾಗಿ ನರಗಳು ಎದ್ದು ಕಾಣುತ್ತವೆ. ಆಡುಮಾತಿನಲ್ಲಿ ನಾವು ನರ ಎನ್ನುವ ಇವು ನಿಜವಾಗಿ ರಕ್ತನಾಳಗಳು, ಉರ್ದುವಿನಲ್ಲಿ ರಗ್. ಬೆರಳುಗಳ ಕಡೆಯಿಂದ ಬರುವ ಸಣ್ಣ ನಾಳಗಳು ಒಂದಕ್ಕೊಂದು ಕೂಡಿಕೊಂಡು ಮಣಿಕಟ್ಟಿನ ಕಡೆಗೆ ದಪ್ಪವಾಗುತ್ತಾ ಹೋಗುತ್ತವೆ. ಈಗ ಎಲೆ ಉದುರಿದ ಒಂದು ಮರವನ್ನು ನೋಡಿ. ಆಮೇಲೆ ಭೂಪಟ ತೆರೆದು ಯಾವುದಾದರೂ ಒಂದು ನದಿಯನ್ನೂ ಅದರ ಉಪನದಿಗಳನ್ನೂ ನೋಡಿ. ಮೂರರ ಚಿತ್ರವೂ ಹೆಚ್ಚುಕಡಿಮೆ ಒಂದೇ ಅಲ್ಲವೇ?

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಒಂದು ಪದ ಯಾವಾಗಲೂ ಸಂತೋಷ ಕೊಡುತ್ತದೆ. ಕೊಂಬೆಗೆ ಉರ್ದುವಿನಲ್ಲಿ ಶಾಖ್ ಎನ್ನುತ್ತೇವೆ, ಕನ್ನಡದಲ್ಲಿ ಶಾಖೆ ಎನ್ನುತ್ತೇವೆ. ಮರಕ್ಕೂ ಶಾಖೆ, ನದಿಗೂ ಶಾಖೆ, ಬ್ಯಾಂಕಿಗೂ ಸಂಘಕ್ಕೂ ಶಾಖೆ. ಭಾಷೆಗಳು ಬಹಳ ಹಿಂದೆಯೇ ಗಮನಿಸಿದ ಈ ಹೋಲಿಕೆಯನ್ನು ಅಳತೆ ಮಾಡಿ ನೋಡಿದವರು, ಕತ್ತರಿಸಿ ನೋಡಿದವರು, ಚಿತ್ರ ಬರೆದು ತೋರಿಸಿದವರು ಲಿಯೊನಾರ್ಡೊ ಡಾ ವಿಂಚಿ. ಮೊನಾ ಲೀಸಾ ಚಿತ್ರದ ಕಲಾವಿದರೆಂದು ಅವರ ಹೆಸರು ನಿಮಗೆಲ್ಲ ಗೊತ್ತು. ನಾನು ಇಲ್ಲಿ ಹೇಳಲಿರುವುದು ಆ ಕಲಾವಿದರ ಇನ್ನೊಂದು ಬದುಕನ್ನು. ಅದರಲ್ಲಿ ನಮಗೆ ಅನುಕರಿಸಬೇಕಾದ ಗುಣಗಳಿವೆ, ಎಚ್ಚರಿಕೆಯಾಗಬೇಕಾದ ಒಂದು ದೊಡ್ಡ ಕೊರತೆಯೂ ಇದೆ.

ಲ್ಯಾಟಿನ್ ಬಾರದ ಹುಡುಗ

ಲಿಯೊನಾರ್ಡೊ ಹುಟ್ಟಿದ್ದು 1452ರ ಏಪ್ರಿಲ್ 15ರಂದು, ಇಟಲಿಯ ಫ್ಲಾರೆನ್ಸ್ ನಗರದ ಹತ್ತಿರದ ವಿಂಚಿ ಎಂಬ ಊರಿನ ಬಳಿ. ತಂದೆ ಪಿಯೆರೊ ದಸ್ತಾವೇಜು ಬರೆದು ನೋಂದಾಯಿಸುವ ನೋಟರಿ ವೃತ್ತಿಯವರು. ತಾಯಿ ಕತೆರೀನಾ ಬಡ ಹೆಣ್ಣುಮಗಳು. ಅವರಿಬ್ಬರೂ ಮದುವೆಯಾಗಿರಲಿಲ್ಲ. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲೇ ತಂದೆ ಬೇರೊಬ್ಬರನ್ನು ಮದುವೆಯಾದರು. ಮದುವೆಯ ಹೊರಗೆ ಹುಟ್ಟಿದ ಮಗನಿಗೆ ಅಂದಿನ ಫ್ಲಾರೆನ್ಸ್‌ನಲ್ಲಿ ತಂದೆಯ ವೃತ್ತಿಗೆ ಪ್ರವೇಶವಿರಲಿಲ್ಲ. ತಾನು ಮಾಡದ ತಪ್ಪಿಗೆ ಆ ಹುಡುಗನ ಮುಂದೆ ಒಂದು ಬಾಗಿಲು ಹುಟ್ಟಿನಿಂದಲೇ ಮುಚ್ಚಿತ್ತು.

ಓದು, ಬರಹ, ವ್ಯಾಪಾರದ ಲೆಕ್ಕ, ಇಷ್ಟೇ ಅವರಿಗೆ ಸಿಕ್ಕ ಶಾಲಾ ಶಿಕ್ಷಣ. ಆ ಕಾಲದಲ್ಲಿ ವೈದ್ಯ, ಕಾನೂನು, ತತ್ತ್ವಶಾಸ್ತ್ರ ಎಲ್ಲವೂ ಲ್ಯಾಟಿನ್ ಭಾಷೆಯಲ್ಲಿದ್ದವು. ಲ್ಯಾಟಿನ್ ಬಾರದವರನ್ನು ಪಂಡಿತರು ವಿದ್ಯಾವಂತರೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಲಿಯೊನಾರ್ಡೊ ತಮ್ಮನ್ನು ಅಕ್ಷರ ಕಲಿಯದ ಮನುಷ್ಯನೆಂದೇ ಕರೆದುಕೊಂಡರು. ಆದರೆ ಪಂಡಿತರು ಇನ್ನೊಬ್ಬರ ಮಾತನ್ನು ಹೊತ್ತು ತಿರುಗುತ್ತಾರೆ, ತಾನು ಅನುಭವವನ್ನೇ ಗುರುವಾಗಿ ಮಾಡಿಕೊಂಡಿದ್ದೇನೆ ಎಂಬರ್ಥದ ಉತ್ತರವನ್ನೂ ಟಿಪ್ಪಣಿಯಲ್ಲಿ ಬರೆದಿಟ್ಟರು. ಹಾಗೆಂದು ಅವರು ಲ್ಯಾಟಿನ್ನನ್ನು ದ್ವೇಷಿಸಲಿಲ್ಲ. ಮೂವತ್ತೈದು ವರ್ಷ ದಾಟಿದ ಮೇಲೆ, ಶಾಲೆಯ ಹುಡುಗನಂತೆ ಪುಟಗಟ್ಟಲೆ ಪದಗಳ ಪಟ್ಟಿ ಬರೆದುಕೊಂಡು ಸ್ವತಃ ಕಲಿಯಲು ಕುಳಿತರು. ಆ ಪಟ್ಟಿಗಳು ಇಂದಿಗೂ ಉಳಿದಿವೆ.

ವಿದ್ಯಾರ್ಥಿಗಳೇ, ಇಂಗ್ಲಿಷ್ ಸರಿಯಾಗಿ ಬರುವುದಿಲ್ಲವೆಂದು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳುವವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಉರ್ದು ಮಾಧ್ಯಮದಿಂದ, ಕನ್ನಡ ಮಾಧ್ಯಮದಿಂದ ಬಂದೆವೆಂಬ ಸಂಕೋಚ ನಿಮಗಿದೆ. ಭಾಷೆಯನ್ನು ಕಲಿಯಿರಿ, ಅದು ಬೇಕು. ಆದರೆ ಅದು ಬರುವವರೆಗೆ ಕಣ್ಣು ಮುಚ್ಚಿಕೊಂಡು ಕಾಯಬೇಡಿ. ಲಿಯೊನಾರ್ಡೊ ಕಾಯಲಿಲ್ಲ.

ಹದಿಹರೆಯದಲ್ಲಿ ಅವರು ಫ್ಲಾರೆನ್ಸ್‌ನ ಪ್ರಸಿದ್ಧ ಕಲಾವಿದ ವೆರೊಕ್ಕಿಯೊ ಅವರ ಕಾರ್ಯಶಾಲೆಗೆ ಸೇರಿದರು. ಅಲ್ಲಿ ಚಿತ್ರ, ಶಿಲ್ಪ, ಲೋಹದ ಎರಕ ಎಲ್ಲವನ್ನೂ ಕೈಯಿಂದ ಮಾಡಿಯೇ ಕಲಿಯಬೇಕಿತ್ತು. 1472ರ ಹೊತ್ತಿಗೆ ಚಿತ್ರಕಾರರ ಸಂಘದ ಸದಸ್ಯರಾದರು. 1473ರ ಆಗಸ್ಟ್ 5ರಂದು ಅವರು ಬರೆದ ಒಂದು ಲೇಖನಿ ಚಿತ್ರ ಉಳಿದಿದೆ. ಅದು ಆರ್ನೊ ನದಿಯ ಕಣಿವೆಯ ದೃಶ್ಯ. ಅದರಲ್ಲಿ ಬೆಟ್ಟ, ಮರಗಳು, ಬಂಡೆಯ ನಡುವಿನಿಂದ ಇಳಿಯುವ ನೀರು ಇವೆ. ಆಗ ಅವರಿಗೆ 21 ವರ್ಷ. ಮರ ಮತ್ತು ನೀರು ಎಂಬ ಈ ಎರಡು ವಿಷಯಗಳನ್ನು ಅವರು ಸಾಯುವವರೆಗೂ ಬಿಡಲಿಲ್ಲ.

ಅವರು ಎಡಗೈಯವರು. ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಉರ್ದು ಬಲ್ಲ ನಮಗೆ ಅದರಲ್ಲಿ ಏನು ವಿಶೇಷ ಎನ್ನಿಸಬಹುದು. ಆದರೆ ಅವರ ಅಕ್ಷರಗಳೂ ತಿರುವಾಗಿದ್ದವು. ಕನ್ನಡಿಯಲ್ಲಿ ಹಿಡಿದರೆ ಮಾತ್ರ ಸುಲಭವಾಗಿ ಓದಬಹುದಿತ್ತು. ಎಡಗೈಯಲ್ಲಿ ಹಾಗೆ ಬರೆದರೆ ಹಸಿ ಶಾಯಿ ಕೈಗೆ ತಾಗಿ ಕದಡುವುದಿಲ್ಲ.

ಮರದ ಲೆಕ್ಕ

ಸುಮಾರು 1482ರಲ್ಲಿ ಲಿಯೊನಾರ್ಡೊ ಮಿಲಾನ್ ನಗರಕ್ಕೆ ಹೋಗಿ ಅಲ್ಲಿಯ ಆಡಳಿತಗಾರ ಲುಡೊವಿಕೊ ಸ್ಫೋರ್ಜಾ ಅವರ ಆಶ್ರಯದಲ್ಲಿ ಹದಿನೇಳು ವರ್ಷ ಕೆಲಸ ಮಾಡಿದರು. 1498ರಲ್ಲಿ ಅಲ್ಲಿಯ ಕೋಟೆಯ ಒಂದು ದೊಡ್ಡ ಕೋಣೆಯನ್ನು ಹಿಪ್ಪುನೇರಳೆ ಮರಗಳ ಚಿತ್ರದಿಂದ ಅಲಂಕರಿಸಿದರು. ಗೋಡೆಯ ಬುಡದಲ್ಲಿ ಬೇರುಗಳು ಬಂಡೆಯನ್ನು ಸೀಳಿಕೊಂಡು ಬರುತ್ತವೆ, ಮೇಲೆ ಚಾವಣಿಯ ತುಂಬ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮುಂದೆ ಆ ಗೋಡೆಗಳಿಗೆ ಸುಣ್ಣ ಬಳಿದರು. ಚಿತ್ರ ಮತ್ತೆ ಬೆಳಕಿಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ.

ಮರವನ್ನು ಚಿತ್ರಿಸಬೇಕಾದರೆ ಅದು ಹೇಗೆ ಕವಲೊಡೆಯುತ್ತದೆಂದು ತಿಳಿದಿರಬೇಕು. ಲಿಯೊನಾರ್ಡೊ ತಮ್ಮ ಟಿಪ್ಪಣಿಯಲ್ಲಿ ಒಂದು ನಿಯಮವನ್ನು ಬರೆದರು. ಮರದ ಯಾವುದೇ ಎತ್ತರದಲ್ಲಿರುವ ಕೊಂಬೆಗಳನ್ನೆಲ್ಲ ಒಟ್ಟುಗೂಡಿಸಿದರೆ ಅವುಗಳ ದಪ್ಪ ಕೆಳಗಿನ ಕಾಂಡದ ದಪ್ಪಕ್ಕೆ ಸಮವಾಗಿರುತ್ತದೆ ಎಂಬುದು ಅದರ ಸಾರಾಂಶ. ಇಲ್ಲಿ ದಪ್ಪ ಎಂದರೆ ಅಡ್ಡಲಾಗಿ ಕೊಯ್ದಾಗ ಕಾಣುವ ವೃತ್ತದ ವಿಸ್ತೀರ್ಣ.

ಇದನ್ನು ನೀವೇ ಪರೀಕ್ಷಿಸಬಹುದು. ಮರ ಕಡಿಯಬೇಕಾಗಿಲ್ಲ, ದರ್ಜಿಯ ಟೇಪು ಸಾಕು. ಕಾಂಡ ಎರಡಾಗಿ ಒಡೆಯುವ ಜಾಗದ ಸ್ವಲ್ಪ ಕೆಳಗೆ ಅದರ ಸುತ್ತಳತೆ ತೆಗೆದುಕೊಳ್ಳಿ. ಸ್ವಲ್ಪ ಮೇಲೆ ಎರಡೂ ಕೊಂಬೆಗಳ ಸುತ್ತಳತೆ ತೆಗೆದುಕೊಳ್ಳಿ. ವಿಸ್ತೀರ್ಣ ಸುತ್ತಳತೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ ವರ್ಗಗಳನ್ನು ಕೂಡಿ ನೋಡಿದರೆ ಸಾಕು. ಉದಾಹರಣೆಗೆ ಕೊಂಬೆಗಳು 30 ಮತ್ತು 40 ಸೆಂ.ಮೀ. ಇದ್ದರೆ ವರ್ಗಗಳು 900 ಮತ್ತು 1600, ಮೊತ್ತ 2500. ಕಾಂಡ 50 ಸೆಂ.ಮೀ. ಇರಬೇಕು. ಪೈಥಾಗೊರಸ್ ಪ್ರಮೇಯದಲ್ಲಿ ನೀವು ಕಲಿತ 3, 4, 5 ಇಲ್ಲಿ ಮರದ ಮೇಲೆ ಬಂದು ಕುಳಿತಿದೆ. ನೀವು ಅಳೆದಾಗ ಲೆಕ್ಕ ಇಷ್ಟು ಚೊಕ್ಕವಾಗಿ ಬರಲಾರದು. ಎಲ್ಲ ಮರಗಳಿಗೂ ಈ ನಿಯಮ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ಅನೇಕ ಮರಗಳಲ್ಲಿ ಅದಕ್ಕೆ ಹತ್ತಿರದ ಫಲಿತಾಂಶ ಬರುತ್ತದೆ.

ಹೀಗೇಕೆ? ಬೇರಿನಿಂದ ಎಲೆಗೆ ನೀರು ಸಾಗಿಸುವ ಕೊಳವೆಗಳು ಕಾಂಡದಿಂದ ಕೊಂಬೆಗಳಿಗೆ ಹಂಚಿಹೋಗುವುದರಿಂದ ಎಂದು ಬಹುಕಾಲ ವಿವರಿಸಲಾಗುತ್ತಿತ್ತು. 2011ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಕ್ರಿಸ್ಟೋಫ್ ಎಲೋಯ್ ಬೇರೊಂದು ವಿವರಣೆ ಮುಂದಿಟ್ಟರು. ಗಾಳಿ ಬೀಸಿದಾಗ ಮರದ ಯಾವ ಭಾಗವೂ ಉಳಿದ ಭಾಗಗಳಿಗಿಂತ ಸುಲಭವಾಗಿ ಮುರಿಯಬಾರದು ಎಂದಾದರೆ ಕೊಂಬೆಗಳ ದಪ್ಪ ಲಿಯೊನಾರ್ಡೊ ಹೇಳಿದ ನಿಯಮಕ್ಕೆ ಹತ್ತಿರವಾಗಿಯೇ ಇರಬೇಕಾಗುತ್ತದೆ ಎಂದು ಅವರು ಲೆಕ್ಕ ಮಾಡಿ ತೋರಿಸಿದರು. ಐದು ಶತಮಾನಗಳ ಹಿಂದಿನ ಒಂದು ಟಿಪ್ಪಣಿ ಇಂದಿಗೂ ವಿಜ್ಞಾನಿಗಳಿಗೆ ಕೆಲಸ ಕೊಡುತ್ತಿದೆ.

ನದಿಯ ಪಾಠ

1499ರಲ್ಲಿ ಫ್ರೆಂಚ್ ಸೇನೆ ಮಿಲಾನನ್ನು ಹಿಡಿದಾಗ ಲಿಯೊನಾರ್ಡೊ ಆಶ್ರಯ ಕಳೆದುಕೊಂಡು ಊರೂರು ಅಲೆದರು. 1502ರಲ್ಲಿ ಚೆಸಾರೆ ಬೋರ್ಜಾ ಎಂಬ ಸೇನಾನಿಗೆ ಇಂಜಿನಿಯರ್ ಆಗಿ ಕೋಟೆಗಳನ್ನು ಪರಿಶೀಲಿಸಿದರು, ನಕ್ಷೆಗಳನ್ನು ಬರೆದರು. ಅದೇ ಕಾಲದಲ್ಲಿ ಉಸ್ಮಾನಿಯಾ ಸುಲ್ತಾನ್ ಎರಡನೇ ಬಾಯಜೀದ್ ಅವರಿಗಾಗಿ ಇಸ್ತಾಂಬುಲಿನ ಗೋಲ್ಡನ್ ಹಾರ್ನ್ ಮೇಲೆ ಒಂದೇ ಕಮಾನಿನ ಸೇತುವೆಯ ನಕ್ಷೆಯನ್ನೂ ಸಿದ್ಧಪಡಿಸಿದರು. ಆ ಸೇತುವೆ ಆಗ ಕಟ್ಟಲ್ಪಡಲಿಲ್ಲ.

ಆಮೇಲೆ ಫ್ಲಾರೆನ್ಸ್‌ಗೆ ಮರಳಿದಾಗ ಆರ್ನೊ ನದಿಯ ಕೆಲಸ ಬಂತು. ಶತ್ರು ನಗರ ಪೀಸಾಕ್ಕೆ ನೀರು ಸಿಗದಂತೆ ನದಿಯ ಹರಿವನ್ನೇ ತಿರುಗಿಸುವ ಯೋಜನೆ ಅದು. 1504ರಲ್ಲಿ ಬೇರೊಬ್ಬರ ಉಸ್ತುವಾರಿಯಲ್ಲಿ ಕಾಲುವೆ ತೋಡಿದರು, ಕೆಲಸ ವಿಫಲವಾಯಿತು. ಆದರೆ ಲಿಯೊನಾರ್ಡೊ ಆ ನದಿಯನ್ನು ನೋಡಿ ಬರೆದ ನಕ್ಷೆಗಳು ಉಳಿದವು. ನದಿ ಕವಲಾಗಿ ಒಡೆಯುವುದು, ನಡುವೆ ಮರಳದಿಬ್ಬ ಬಿಟ್ಟು ಮತ್ತೆ ಕೂಡುವುದು, ಎಲ್ಲವೂ ಅದರಲ್ಲಿದೆ. ನೀಲಿ ಬಣ್ಣದ ಆ ನಕ್ಷೆಗಳನ್ನು ಅವರದೇ ರಕ್ತನಾಳದ ಚಿತ್ರಗಳ ಪಕ್ಕದಲ್ಲಿಟ್ಟರೆ ಎರಡನ್ನೂ ಒಂದೇ ಕೈ, ಒಂದೇ ಯೋಚನೆ ಬರೆದದ್ದೆಂದು ತಿಳಿಯುತ್ತದೆ. ಮರದ ನಿಯಮವನ್ನು ಅವರು ನದಿಗೂ ಅನ್ವಯಿಸಿದ್ದರು: ನೀರಿನ ವೇಗ ಒಂದೇ ಆಗಿದ್ದರೆ ಕವಲುಗಳೆಲ್ಲ ಸೇರಿ ಮೂಲ ಹೊಳೆಗೆ ಸಮ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಹೇಳಲೇಬೇಕು. ಭೂಮಿಯೂ ಒಂದು ದೇಹ, ನದಿಗಳು ಅದರ ರಕ್ತನಾಳಗಳು ಎಂಬ ನಂಬಿಕೆ ಬಹಳ ಹಳೆಯದು. ದೇಹದಲ್ಲಿ ರಕ್ತ ತಲೆಗೆ ಏರುವಂತೆ ಭೂಮಿಯೊಳಗಿನ ನಾಳಗಳಲ್ಲಿ ಸಮುದ್ರದ ನೀರು ಬೆಟ್ಟದ ತುದಿಗೆ ಏರಿ ಚಿಲುಮೆಯಾಗುತ್ತದೆಂದು ಲಿಯೊನಾರ್ಡೊ ಕೂಡ ಮೊದಲು ನಂಬಿದ್ದರು. ವರ್ಷಗಟ್ಟಲೆ ನೀರನ್ನು ಗಮನಿಸಿದ ಮೇಲೆ ಆ ನಂಬಿಕೆಯನ್ನು ತಾವೇ ಪ್ರಶ್ನಿಸಿ ಕೈಬಿಟ್ಟರು. ಎರಡು ವಸ್ತುಗಳ ಆಕಾರ ಒಂದೇ ಎಂದ ಮಾತ್ರಕ್ಕೆ ಅವುಗಳ ಕಾರಣವೂ ಒಂದೇ ಎನ್ನಲಾಗದು ಎಂಬುದನ್ನು ಅವರು ನದಿಯಿಂದ ಕಲಿತರು. ತನಗೆ ಪ್ರಿಯವಾದ ವಿಚಾರವನ್ನು ತಾನೇ ತಿದ್ದಿಕೊಳ್ಳುವುದಕ್ಕಿಂತ ಕಷ್ಟದ ಪಾಠ ಬೇರೆ ಇಲ್ಲ.

ನೂರು ವರ್ಷದ ವೃದ್ಧ

1507–08ರ ಚಳಿಗಾಲದಲ್ಲಿ ಫ್ಲಾರೆನ್ಸ್‌ನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯಲ್ಲಿ ಲಿಯೊನಾರ್ಡೊ ಒಬ್ಬ ವೃದ್ಧರ ಹಾಸಿಗೆಯ ಬಳಿ ಕುಳಿತು ಮಾತನಾಡಿದರು. ತಮಗೆ ನೂರು ವರ್ಷ ದಾಟಿದೆ, ನಿಶ್ಶಕ್ತಿಯ ಹೊರತು ಬೇರೆ ಯಾವ ನೋವೂ ಇಲ್ಲ ಎಂದು ಆ ವೃದ್ಧರು ತಿಳಿಸಿದರು. ಸ್ವಲ್ಪ ಹೊತ್ತಿನಲ್ಲೇ, ಒದ್ದಾಟವಿಲ್ಲದೆ, ಶಾಂತವಾಗಿ ಪ್ರಾಣ ಬಿಟ್ಟರು. ಇಷ್ಟು ಸುಖದ ಮರಣಕ್ಕೆ ಕಾರಣವೇನೆಂದು ತಿಳಿಯಲು ಲಿಯೊನಾರ್ಡೊ ಶವಚ್ಛೇದನ ಮಾಡಿದರು.

ಅವರು ಕಂಡದ್ದು ಇದು: ಹೃದಯಕ್ಕೂ ಯಕೃತ್ತಿಗೂ ಹೋಗುವ ನಾಳಗಳ ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗಿತ್ತು. ನಾಳಗಳು ಹಾವಿನಂತೆ ಡೊಂಕಾಗಿದ್ದವು. ಅದೇ ಕಾಲದಲ್ಲಿ ಅವರು ಎರಡು ವರ್ಷದ ಮಗುವೊಂದರ ದೇಹವನ್ನೂ ಪರೀಕ್ಷಿಸಿದರು. ಅಲ್ಲಿ ಎಲ್ಲವೂ ಇದಕ್ಕೆ ವಿರುದ್ಧವಾಗಿತ್ತು. ಮಗುವಿನಲ್ಲಿ ನೇರವಾಗಿ, ತೆರೆದಿದ್ದ ಕವಲುಗಳು ಮುಪ್ಪಿನಲ್ಲಿ ಸುತ್ತಿ ಸುತ್ತಿ ಮುಚ್ಚುತ್ತಾ ಬರುತ್ತವೆ, ಆಹಾರ ಸಿಗದೆ ದೇಹ ನಿಧಾನವಾಗಿ ಸೊರಗುತ್ತದೆ ಎಂದು ಅವರು ತೀರ್ಮಾನಿಸಿದರು. ಇಂದು ವೈದ್ಯರು ರಕ್ತನಾಳಗಳ ಗಡಸುತನ, ಹೃದಯದ ನಾಳ ಕಟ್ಟಿಕೊಳ್ಳುವುದು ಎಂದು ಹೇಳುವ ಕಾಯಿಲೆಯ ಅತ್ಯಂತ ಹಳೆಯ ವಿವರಣೆಗಳಲ್ಲಿ ಇದೂ ಒಂದು. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಕೊಂಡೊಯ್ದ ಕಾಯಿಲೆ ಅದು.

ರಕ್ತನಾಳಗಳ ಮೂಲ ಯಕೃತ್ತು ಎಂಬುದು ಗ್ರೀಕ್ ವೈದ್ಯ ಗೇಲನ್ ಅವರ ಕಾಲದಿಂದ ಬಂದ ಮಾತು. ಲಿಯೊನಾರ್ಡೊ ಅದನ್ನು ಒಪ್ಪಲಿಲ್ಲ. ಗಿಡ ಬೀಜದಿಂದ ಹುಟ್ಟುತ್ತದೆ, ಬೇರು ಕೆಳಗೆ ಹೋಗುತ್ತದೆ, ಕಾಂಡ ಮೇಲೆ ಬರುತ್ತದೆ. ಬೀಜದ ಜಾಗದಲ್ಲಿಯೇ ಗಿಡ ಅತಿ ದಪ್ಪ. ದೇಹದಲ್ಲಿ ನಾಳಗಳು ಅತಿ ದಪ್ಪವಾಗಿರುವುದು ಹೃದಯದ ಬಳಿ. ಆದ್ದರಿಂದ ಹೃದಯವೇ ಬೀಜ, ನಾಳಗಳೇ ಮರ ಎಂದು ವಾದಿಸಿ, ಮೊಳೆತ ಬೀಜದ ಚಿತ್ರವನ್ನೂ ಹೃದಯದ ಚಿತ್ರವನ್ನೂ ಒಂದೇ ಹಾಳೆಯಲ್ಲಿ ಬರೆದರು. ಮರವನ್ನು ನೋಡಿ ಕಲಿತ ಕಣ್ಣು ದೇಹದಲ್ಲಿ ಸತ್ಯವನ್ನು ಹಿಡಿಯಿತು.

ಇಬ್ನ್ ಸೀನಾ, ಇಬ್ನ್ ಅಲ್ ನಫೀಸ್

ಲಿಯೊನಾರ್ಡೊ ಶರೀರಶಾಸ್ತ್ರವನ್ನು ಏಕಾಂಗಿಯಾಗಿ ಕಲಿಯಲಿಲ್ಲ. ಇಬ್ನ್ ಸೀನಾ ಅವರ ಅಲ್ ಕಾನೂನ್ ಗ್ರಂಥ 12ನೇ ಶತಮಾನದಲ್ಲೇ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿನ ವೈದ್ಯ ವಿದ್ಯಾರ್ಥಿಗಳ ಪಠ್ಯವಾಗಿತ್ತು. ಅವಿಸೆನ್ನಾ ಎಂಬ ಲ್ಯಾಟಿನ್ ರೂಪದಲ್ಲಿ ಅವರ ಹೆಸರು ಲಿಯೊನಾರ್ಡೊ ಅವರ ಟಿಪ್ಪಣಿಗಳಲ್ಲಿಯೂ ಬರುತ್ತದೆ.

ಆದರೆ ಅವರಿಗೆ ಎಟುಕದೆ ಹೋದ ಇನ್ನೊಬ್ಬ ವಿದ್ವಾಂಸರಿದ್ದರು. ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್ ನಫೀಸ್ 1242ರಲ್ಲೇ, ಇಬ್ನ್ ಸೀನಾ ಅವರ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಒಂದು ದೊಡ್ಡ ಮಾತು ಹೇಳಿದ್ದರು. ಹೃದಯದ ಬಲ ಮತ್ತು ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ದಾಟುತ್ತದೆ ಎಂಬುದು ಗೇಲನ್ ಅವರ ಸಿದ್ಧಾಂತ. ಅಂಥ ರಂಧ್ರಗಳೇ ಇಲ್ಲ, ರಕ್ತ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು ಎಡಭಾಗಕ್ಕೆ ಬರುತ್ತದೆ ಎಂದು ಇಬ್ನ್ ಅಲ್ ನಫೀಸ್ ಬರೆದರು. ಲಿಯೊನಾರ್ಡೊ ಇದನ್ನು ಓದಿರಲಿಲ್ಲ. ಹೃದಯವನ್ನು ಅಷ್ಟು ಸೂಕ್ಷ್ಮವಾಗಿ ಕೊಯ್ದು ನೋಡಿದವರು ಆ ರಂಧ್ರಗಳ ವಿಷಯದಲ್ಲಿ ಮಾತ್ರ ಹಳೆಯ ಪುಸ್ತಕವನ್ನೇ ನಂಬಿದರು. ರಕ್ತ ದೇಹವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆಂಬುದು ಅವರಿಗೆ ಹೊಳೆಯಲಿಲ್ಲ. ಅದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದರು.

ಇಬ್ನ್ ಅಲ್ ನಫೀಸ್ ಅವರ ಆ ಹಸ್ತಪ್ರತಿಯ ಮಹತ್ವವನ್ನು ಈಜಿಪ್ಟಿನ ವೈದ್ಯ ಮುಹ್ಯಿದ್ದೀನ್ ಅತ್ತತಾವಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಕಂಡುಕೊಂಡದ್ದು 1924ರಲ್ಲಿ. ಸುಮಾರು ಏಳು ಶತಮಾನಗಳ ಕಾಲ ಜಗತ್ತು ಆ ಪುಟಗಳನ್ನು ಮರೆತಂತೆಯೇ ಇತ್ತು.

ಕೊನೆಯ ದಿನಗಳು, ಚೆದುರಿದ ಹಾಳೆಗಳು

1510ರ ಸುಮಾರಿಗೆ ಪಾವಿಯಾ ವಿಶ್ವವಿದ್ಯಾಲಯದ ತರುಣ ಪ್ರಾಧ್ಯಾಪಕ ಮಾರ್ಕಾಂಟೊನಿಯೊ ದೆಲ್ಲಾ ತೋರೆ ಅವರ ಒಡನಾಟ ಲಿಯೊನಾರ್ಡೊಗೆ ಸಿಕ್ಕಿತು. ಅಂಗರಚನೆಯ ಒಂದು ದೊಡ್ಡ ಗ್ರಂಥ ಹೊರಬರುವ ಲಕ್ಷಣ ಕಾಣುತ್ತಿತ್ತು. ಆದರೆ 1511ರಲ್ಲಿ ಆ ಪ್ರಾಧ್ಯಾಪಕರು ಪ್ಲೇಗಿಗೆ ಬಲಿಯಾದರು. ಲಿಯೊನಾರ್ಡೊ ಎತ್ತಿನ ಹೃದಯಗಳನ್ನಿಟ್ಟುಕೊಂಡು ಕೆಲಸ ಮುಂದುವರಿಸಿದರು. ಹೃದಯದಿಂದ ಹೊರಡುವ ಮಹಾಪಧಮನಿಯ ಗಾಜಿನ ಮಾದರಿ ಮಾಡಿ, ನೀರಿಗೆ ಹುಲ್ಲಿನ ಬೀಜ ಬೆರೆಸಿ ಹರಿಯಬಿಟ್ಟರೆ ಸುಳಿಗಳು ಕಾಣುತ್ತವೆ, ಆ ಸುಳಿಗಳೇ ಕವಾಟವನ್ನು ಮುಚ್ಚಲು ನೆರವಾಗುತ್ತವೆ ಎಂದು ವಿವರಿಸಿದರು. ಇದು ಸರಿಯೆಂದು 20ನೇ ಶತಮಾನದ ಪ್ರಯೋಗಗಳು ತೋರಿಸಿದವು. ನದಿಯ ಸುಳಿಯನ್ನು ನೋಡಿದವರಿಗೆ ಮಾತ್ರ ಹೊಳೆಯಬಹುದಾದ ವಿಚಾರ ಅದು.

1513ರಿಂದ ರೋಮಿನಲ್ಲಿದ್ದಾಗ, ಒಬ್ಬ ಕುಶಲಕರ್ಮಿಯ ದೂರಿನಿಂದಾಗಿ ಅವರ ಶವಚ್ಛೇದನ ಕೆಲಸಕ್ಕೆ ತಡೆ ಬಿತ್ತು. 1516ರಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್ ಅವರ ಆಹ್ವಾನದ ಮೇಲೆ ಆಂಬ್ವಾಸ್ ಎಂಬಲ್ಲಿಗೆ ಹೋದರು. ತಾವು ಮೂವತ್ತಕ್ಕೂ ಹೆಚ್ಚು ದೇಹಗಳನ್ನು ಪರೀಕ್ಷಿಸಿದ್ದಾಗಿ 1517ರಲ್ಲಿ ಬಂದ ಅತಿಥಿಗಳಿಗೆ ತಿಳಿಸಿದರು. 1519ರ ಮೇ 2ರಂದು, 67ನೇ ವಯಸ್ಸಿನಲ್ಲಿ ನಿಧನರಾದರು. ಅಂಗರಚನೆಯ ಗ್ರಂಥ ಮುಗಿದಿರಲಿಲ್ಲ. ಒಂದು ಪುಟವೂ ಅಚ್ಚಾಗಿರಲಿಲ್ಲ.

ಟಿಪ್ಪಣಿಗಳೆಲ್ಲ ಶಿಷ್ಯ ಫ್ರಾನ್ಚೆಸ್ಕೊ ಮೆಲ್ಜಿ ಅವರ ಪಾಲಾದವು. ಮೆಲ್ಜಿ ಅವುಗಳನ್ನು ಜೋಪಾನವಾಗಿ ಕಾಪಾಡಿದರು. 1570ರ ಸುಮಾರಿಗೆ ಅವರು ತೀರಿಕೊಂಡ ಮೇಲೆ ವಾರಸುದಾರರಿಗೆ ಅವುಗಳ ಬೆಲೆ ತಿಳಿಯಲಿಲ್ಲ. ಹಾಳೆಗಳು ಮಾರಾಟವಾದವು, ಚೆದುರಿದವು, ಎಷ್ಟೋ ಕಳೆದುಹೋದವು. ಇಂದು ಸುಮಾರು 7000 ಪುಟಗಳು ಉಳಿದಿವೆ. ಅಂಗರಚನೆಯ ಚಿತ್ರಗಳು ಇಂಗ್ಲೆಂಡಿನ ಅರಮನೆ ಸೇರಿದವು. ಅವುಗಳ ಪ್ರತಿಗಳು ವಿದ್ವಾಂಸರ ಕೈಗೆ ಸರಿಯಾಗಿ ಸಿಗತೊಡಗಿದ್ದು 19ನೇ ಶತಮಾನದ ಕೊನೆಯಲ್ಲಿ. ನೀರಿನ ಬಗ್ಗೆ ಬರೆದ ಒಂದು ಟಿಪ್ಪಣಿ ಪುಸ್ತಕವನ್ನು 1994ರಲ್ಲಿ ಬಿಲ್ ಗೇಟ್ಸ್ 3 ಕೋಟಿ 8 ಲಕ್ಷ ಡಾಲರ್ ಕೊಟ್ಟು ಕೊಂಡರು.

ಬೆಲೆ ಬಂತು, ಆದರೆ ಸಮಯ ಹೋಗಿತ್ತು. ಲಿಯೊನಾರ್ಡೊ ತೀರಿಕೊಂಡ 24 ವರ್ಷಗಳ ನಂತರ, 1543ರಲ್ಲಿ, 28 ವರ್ಷದ ವೆಸಾಲಿಯಸ್ ತಮ್ಮ ಅಂಗರಚನಾ ಗ್ರಂಥವನ್ನು ಅಚ್ಚು ಹಾಕಿಸಿದರು. ಅದನ್ನು ಓದಿ ಒಂದು ಪೀಳಿಗೆಯೇ ಕಲಿಯಿತು, ತಿದ್ದಿತು, ಮುಂದುವರಿಸಿತು. ಲಿಯೊನಾರ್ಡೊ ಅವರ ಚಿತ್ರಗಳು ಹಲವು ವಿಷಯಗಳಲ್ಲಿ ಅದಕ್ಕಿಂತ ಮೇಲಾಗಿದ್ದರೂ ಪೆಟ್ಟಿಗೆಯಲ್ಲಿದ್ದವು. ಮುಪ್ಪಿನಲ್ಲಿ ನಾಳಗಳು ಕಟ್ಟಿಕೊಳ್ಳುತ್ತವೆಂಬ ಅವರ ಅರಿವಿನಿಂದ ಒಬ್ಬ ವೈದ್ಯರಿಗೂ, ಒಬ್ಬ ರೋಗಿಗೂ ಉಪಯೋಗವಾಗಲಿಲ್ಲ.

ಮರ ಮುಂದೆ ಬೆಳೆದ ಬಗೆ

ಅವರು ನಿಲ್ಲಿಸಿದ ಕಡೆಯಿಂದ ಬೇರೆಯವರು ಮೊದಲಿನಿಂದ ಆರಂಭಿಸಬೇಕಾಯಿತು. 1661ರಲ್ಲಿ ಇಟಲಿಯ ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡಿ, ಅಪಧಮನಿಯ ಕೊನೆಯ ಕವಲುಗಳೂ ಅಭಿಧಮನಿಯ ಮೊದಲ ಕವಲುಗಳೂ ಕೂದಲಿಗಿಂತ ತೆಳುವಾದ ಲೋಮನಾಳಗಳಿಂದ ಕೂಡಿಕೊಂಡಿರುವುದನ್ನು ಕಂಡರು. ಹಾರ್ವೆ ಹೇಳಿದ ಸುತ್ತು ಅಲ್ಲಿ ಪೂರ್ಣವಾಯಿತು.

1926ರಲ್ಲಿ ಸೆಸಿಲ್ ಮರ್ರೆ ಎಂಬ ಅಮೆರಿಕದ ವಿಜ್ಞಾನಿ ರಕ್ತನಾಳಗಳಿಗೆ ಬೇರೊಂದು ಲೆಕ್ಕವಿದೆ ಎಂದು ತೋರಿಸಿದರು. ಮರದಲ್ಲಿ ವರ್ಗಗಳನ್ನು ಕೂಡಿದೆವು. ರಕ್ತನಾಳದಲ್ಲಿ ಘನಗಳನ್ನು ಕೂಡಬೇಕು. 10 ಸೆಂ.ಮೀ. ಅಡ್ಡಳತೆಯ ಕಾಂಡ ಎರಡು ಸಮನಾದ ಕೊಂಬೆಯಾದರೆ ಒಂದೊಂದೂ ಸುಮಾರು 7 ಸೆಂ.ಮೀ. ಇರುತ್ತದೆ, ಏಕೆಂದರೆ 49 ಮತ್ತು 49 ಸೇರಿ 98. 10 ಮಿ.ಮೀ. ಅಡ್ಡಳತೆಯ ರಕ್ತನಾಳ ಎರಡಾದರೆ ಒಂದೊಂದೂ ಸುಮಾರು 8 ಮಿ.ಮೀ., ಏಕೆಂದರೆ 512 ಮತ್ತು 512 ಸೇರಿ 1024. ಅಂದರೆ ರಕ್ತ ಕವಲಿನಿಂದ ಕವಲಿಗೆ ಹೋದಂತೆ ಒಟ್ಟು ದಾರಿ ಅಗಲವಾಗುತ್ತದೆ, ವೇಗ ತಗ್ಗುತ್ತದೆ. ತುದಿಯ ಲೋಮನಾಳದಲ್ಲಿ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ ನಿಧಾನವಾಗಿ ಸಾಗುವಾಗಲೇ ಆಮ್ಲಜನಕವನ್ನು ಅಂಗಾಂಶಕ್ಕೆ ಕೊಡಲು ಸಮಯ ಸಿಗುತ್ತದೆ. ಗಾಳಿಗೆ ಮುರಿಯದೆ ನಿಲ್ಲುವುದು ಮರದ ಅಗತ್ಯ. ಕಡಿಮೆ ಶ್ರಮದಲ್ಲಿ ರಕ್ತ ಹಂಚುವುದು ದೇಹದ ಅಗತ್ಯ. ಆಕಾರ ಒಂದೇ ಬಗೆಯದ್ದು, ಕಾರಣ ಬೇರೆ. ಲಿಯೊನಾರ್ಡೊ ನದಿಯಿಂದ ಕಲಿತ ಪಾಠ ಇಲ್ಲಿ ಮತ್ತೆ ನಿಜವಾಯಿತು.

ನಿಮ್ಮ ಎದೆಯೊಳಗಿನ ಶ್ವಾಸನಾಳವನ್ನೂ ನೆನೆಯಿರಿ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಸುಮಾರು 23 ಬಾರಿ ಕವಲೊಡೆಯುತ್ತದೆ. ಪ್ರತಿ ಬಾರಿಯೂ ತಪ್ಪದೆ ಎರಡಾದರೆ ಕವಲುಗಳ ಸಂಖ್ಯೆ 83,88,608 ಆಗುತ್ತದೆ. ಲೆಕ್ಕ ಹಾಕಿ ನೋಡಿ. ತುದಿಯಲ್ಲಿ 30 ಕೋಟಿಗೂ ಹೆಚ್ಚು ಗಾಳಿಚೀಲಗಳು. ಎಲ್ಲವನ್ನೂ ಬಿಚ್ಚಿ ಹಾಸಿದರೆ ಸುಮಾರು 70 ಚದರ ಮೀಟರ್, ಎಂದರೆ ಒಂದು ಚಿಕ್ಕ ಮನೆಯಷ್ಟು ಜಾಗ. ಅಷ್ಟು ಜಾಗವನ್ನು ಎದೆಗೂಡಿನಲ್ಲಿ ಮಡಿಸಿಟ್ಟ ಉಪಾಯವೇ ಕವಲು.

ನಮಗೆ ಉಳಿದ ಕೆಲಸ

ಓದುಗರೇ, ಲಿಯೊನಾರ್ಡೊ ಅವರ ಬದುಕಿನಿಂದ ನಾನು ತರಗತಿಯಲ್ಲಿ ಮೂರು ಮಾತು ಹೇಳುತ್ತೇನೆ. ಒಂದು, ಹುಟ್ಟು ಮುಚ್ಚಿದ ಬಾಗಿಲಿನ ಮುಂದೆ ಅಳುತ್ತಾ ಕೂರದೆ ಕಣ್ಣು ತೆರೆದು ನೋಡಿರಿ. ಮರ, ನೀರು, ಹಿರಿಯರ ಕೈ ಇವು ಯಾರ ಅನುಮತಿಯನ್ನೂ ಕೇಳದೆ ತೆರೆದಿಟ್ಟ ಪುಸ್ತಕಗಳು. ಎರಡು, ಅಳೆಯಿರಿ, ತಪ್ಪಿದ್ದರೆ ನಿಮ್ಮನ್ನು ನೀವೇ ತಿದ್ದಿಕೊಳ್ಳಿ. ಮೂರನೆಯದು ಅವರು ಮಾಡದೆ ಬಿಟ್ಟದ್ದು: ಕಲಿತದ್ದನ್ನು ಇನ್ನೊಬ್ಬರಿಗೆ ದಾಟಿಸಿರಿ.

ಈ ಮೂರನೆಯದಕ್ಕಾಗಿಯೇ ನಮ್ಮಂಥ ಸಂಘಗಳಿರುವುದು. ನಮ್ಮಲ್ಲಿ ಓದಿದವರು ಅನೇಕರಿದ್ದಾರೆ. ಓದಿ ದೊಡ್ಡ ಕೆಲಸ ಹಿಡಿದು, ಕಲಿತದ್ದನ್ನು ತಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಂಡವರೂ ಇದ್ದಾರೆ. ಸಂಜೆ ಒಂದು ಗಂಟೆ ನೆರೆಮನೆಯ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರೆ, ಆ ಇಬ್ಬರು ಮುಂದೆ ತಲಾ ಇಬ್ಬರಿಗೆ ಹೇಳಿಕೊಟ್ಟರೆ, 23ನೇ ಹಂತದಲ್ಲಿ ಎಷ್ಟು ಮಂದಿಯಾಗುತ್ತಾರೆಂಬ ಲೆಕ್ಕ ನಿಮಗೆ ಈಗಾಗಲೇ ಗೊತ್ತಿದೆ.

ನಾಳೆ ಶಾಲೆಗೆ ಬರುವಾಗ ಒಂದು ಟೇಪು ತನ್ನಿ. ಅಂಗಳದ ಮರದಿಂದ ಆರಂಭಿಸೋಣ.